ಕೂದಲೆಣ್ಣೆ ಕಾಯಿಸುವಾಗ ಹದ ತಪ್ಪದಿರಲಿ

ಮನೆಯಲ್ಲಿ ಕಾಯಿಸಿದ ಕೂದಲೆಣ್ಣೆ ಕೆಲವೇ ದಿನದಲ್ಲಿ ಕಮಟು ವಾಸನೆ ಬಂತು ಅಂತ ಚೆಲ್ಲಿದವರನ್ನು ತುಂಬಾ ನೋಡಿದ್ದೇನೆ. ಇನ್ನು ಕೆಲವರದು ಸೀದು ಕಪ್ಪಾಗಿರುತ್ತದೆ. ಒಬ್ಬರು ಬೇಗ ಇಳಿಸಿದ್ದಾರೆ, ಇನ್ನೊಬ್ಬರು ತಡ ಮಾಡಿದ್ದಾರೆ, ಅಷ್ಟೇ.

ಮೊದಲೇ ಒಂದು ಮಾತು. ಕೂದಲು ಬೆಳೆಯುವುದು ಬುಡದಿಂದ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಅದಕ್ಕೆ ಬೇಕಾದ ಸತ್ವ ಊಟದಿಂದಲೇ ಬರಬೇಕು. ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು, ಅಲ್ಲಿನ ಪ್ರೋಟೀನ್ ತೊಳೆದುಹೋಗದಂತೆ ಕಾಯುತ್ತದೆ. ಬೆಳೆದದ್ದು ತುಂಡಾಗದೆ ಉಳಿದರೆ ತಾನೇ ಉದ್ದ ಕಾಣುವುದು?

ಅರ್ಧ ಲೀಟರ್ ಗಾಣದ ಕೊಬ್ಬರಿ ಎಣ್ಣೆಗೆ ಎರಡು ಹಿಡಿ ಗರುಗದ ಸೊಪ್ಪು, ಒಂದು ಹಿಡಿ ಕರಿಬೇವು, ಐದಾರು ಕೆಂಪು ದಾಸವಾಳ, ರಾತ್ರಿ ನೆನೆಸಿದ ಒಂದು ಚಮಚ ಮೆಂತ್ಯ ಸಾಕು. ಗರುಗ ಸಿಗದಿದ್ದರೆ ಒಂದೆಲಗ ಹಾಕಿ. ತೊಳೆದು, ಬಟ್ಟೆ ಮೇಲೆ ಆರಿಸಿ, ಆದಷ್ಟು ಕಡಿಮೆ ನೀರಲ್ಲಿ ರುಬ್ಬಿ. ಅಂಗಡಿಯ ಹಸಿರು ಎಣ್ಣೆ ತರುವವರು ಬಾಟಲಿಯ ಹಿಂದಿನ ಚೀಟಿ ಓದಿ. ಎಷ್ಟೋ ಕಡೆ ಮೊದಲ ಹೆಸರೇ ಮಿನರಲ್ ಆಯಿಲ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ. ಅದು ಮೇಲೆ ಹೊಳಪು ಕೊಡುತ್ತದೆ, ಎಳೆಯೊಳಗೆ ಇಳಿಯುವುದಿಲ್ಲ.

ಈಗ ಕಾಯಿಸುವುದು. ದಪ್ಪ ತಳದ ಬಾಣಲೆಗೆ ಎಣ್ಣೆ, ರುಬ್ಬಿದ್ದು ಎರಡನ್ನೂ ಹಾಕಿ, ಸಣ್ಣ ಉರಿಯಲ್ಲಿಡಿ. ದೊಡ್ಡ ಉರಿ ಬೇಡವೇ ಬೇಡ. ಮೊದಲು ಜೋರಾಗಿ ಚಟಪಟ ಸದ್ದು ಬರುತ್ತದೆ. ಅದು ಸೊಪ್ಪಿನ ನೀರು ಆವಿಯಾಗುವ ಸದ್ದು. ತಳ ಹಿಡಿಯದಂತೆ ಸೌಟಾಡಿಸುತ್ತಿರಿ. ಸದ್ದು ಕಡಿಮೆಯಾದ ಮೇಲೆ ಒಲೆ ಬಿಟ್ಟು ಅಲ್ಲಾಡಬೇಡಿ, ಫೋನ್ ಬಂದರೂ. ನೀರಿರುವ ತನಕ ಎಣ್ಣೆಯ ಬಿಸಿ ಒಂದು ಮಟ್ಟದಲ್ಲೇ ನಿಂತಿರುತ್ತದೆ. ನೀರು ಮುಗಿದ ಕೂಡಲೇ ಬಿಸಿ ಸರ್ರನೆ ಏರಿ ಸೊಪ್ಪು ಸೀಯುತ್ತದೆ.

ಸೌಟಿನ ತುದಿಯಲ್ಲಿ ಚೂರು ಸೊಪ್ಪು ತೆಗೆದು, ಆರಿಸಿ, ಬೆರಳ ನಡುವೆ ಹೊಸೆಯಿರಿ. ಕೈಗೆ ಅಂಟಿದರೆ ಇನ್ನೂ ಆಗಿಲ್ಲ. ಬತ್ತಿಯಂತೆ ಉರುಟಾದರೆ ಅದೇ ಹದ. ಗಟ್ಟಿಯಾಗಿ ಪುಡಿಪುಡಿಯಾದರೆ ಮೀರಿತು. ಅನುಮಾನವಿದ್ದರೆ ಹತ್ತಿಬತ್ತಿಯನ್ನು ಎಣ್ಣೆಯಲ್ಲಿ ಅದ್ದಿ, ಒಲೆಯಿಂದ ದೂರ ಹೋಗಿ ಹಚ್ಚಿ. ಚಿಟಿಚಿಟಿ ಅಂದರೆ ನೀರಿನ ಪಸೆ ಇದೆ. ಸುಮ್ನೆ ಉರಿದರೆ ಆಯಿತು.

ಒಲೆ ಆರಿಸಿ ಬಾಣಲೆಯಲ್ಲೇ ಬಿಡಬೇಡಿ, ಆ ಬಿಸಿಗೇ ಸೊಪ್ಪು ಇನ್ನೂ ಬೇಯುತ್ತದೆ. ಕೂಡಲೇ ಬಟ್ಟೆಯಲ್ಲಿ ಸೋಸಿ. ಹಿಂಡಿ ತೆಗೆದ ಎಣ್ಣೆಯಲ್ಲಿ ಗಸಿ ಜಾಸ್ತಿ, ಅದನ್ನು ಬೇರೆ ಇಟ್ಟು ಮೊದಲು ಖಾಲಿ ಮಾಡಿ. ಉಳಿದದ್ದು ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ.

ತಲೆಸ್ನಾನಕ್ಕೆ ಎರಡು ಗಂಟೆ ಮೊದಲು ಬೆರಳ ತುದಿಯಲ್ಲಿ ಹಚ್ಚಿದರೆ ಸಾಕು. ಉಗುರು ಬೇಡ. ಹೊಟ್ಟಿರುವವರು ಬುಡಕ್ಕೆ ಎಣ್ಣೆ ಹಚ್ಚಲೇಬೇಡಿ. ಹೊಟ್ಟಿಗೆ ಕಾರಣವಾದ ಸೂಕ್ಷ್ಮಜೀವಿಗೆ ಜಿಡ್ಡೇ ಆಹಾರ.

ಊಟದಲ್ಲಿ ಮೊಟ್ಟೆ, ಕಾಳು, ನುಗ್ಗೆಸೊಪ್ಪು ಇರಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆರಸ ಹಿಂಡಿ, ಕಬ್ಬಿಣದಂಶ ಚೆನ್ನಾಗಿ ಹೀರಿಕೆಯಾಗುತ್ತದೆ. ಉಂಡ ಕೂಡಲೇ ಟೀ ಕುಡಿದರೆ ಅದಕ್ಕೇ ಅಡ್ಡಿ.

ದಿನಕ್ಕೆ 50ರಿಂದ 100 ಎಳೆ ಉದುರುವುದು ಮಾಮೂಲು. ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ, ಹೆರಿಗೆಯಾದ ಮೇಲೆ ಜಾಸ್ತಿ ಉದುರುತ್ತದೆ, ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಬಿಲ್ಲೆ ಬಿಲ್ಲೆಯಾಗಿ ಉದುರಿದರೆ, ಇಲ್ಲವೇ ಆರು ತಿಂಗಳಾದರೂ ನಿಲ್ಲದಿದ್ದರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ರಕ್ತದ ಕಬ್ಬಿಣ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ.