ನಿಂಟೆಂಡೊ ಡಿಎಸ್‌ನಲ್ಲಿ ಸ್ಪೆಕ್ಟ್ರಮ್: ನನ್ನ ಅನುಭವ

ಹಳೆಯ ಕಂಪ್ಯೂಟರುಗಳನ್ನು ಅನುಕರಿಸುವ ತಂತ್ರಾಂಶ, ಅಂದರೆ ಎಮ್ಯುಲೇಟರ್, ಇಂದು ಯಾವ ಮೊಬೈಲಿನಲ್ಲಾದರೂ ಓಡುತ್ತದೆ. ಆದರೂ ಝೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಮನೆಬಳಕೆಯ ಕಂಪ್ಯೂಟರಿಗಾಗಿ ನಾನು ಆರಿಸಿಕೊಂಡದ್ದು ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರವಾದ ನಿಂಟೆಂಡೊ ಡಿಎಸ್ ಲೈಟ್. ಇದಕ್ಕೆ ಕಾರಣ ಪರದೆಯ ಅಳತೆ. 1982ರಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆಯಾದ ಸ್ಪೆಕ್ಟ್ರಮ್‌ನ ಚಿತ್ರ 256×192 ಚುಕ್ಕಿಗಳದ್ದು. ಡಿಎಸ್‌ನ ಎರಡು ಪರದೆಗಳಲ್ಲಿ ಒಂದೊಂದೂ ಸರಿಯಾಗಿ ಅಷ್ಟೇ. ಮೊಬೈಲಿನಲ್ಲಿ ಚಿತ್ರವನ್ನು ಹಿಗ್ಗಿಸಬೇಕಾಗುವುದರಿಂದ ಅಕ್ಷರಗಳ ಅಂಚು ಮಸುಕಾಗುತ್ತದೆ, ಇಲ್ಲಿ ಒಂದು ಚುಕ್ಕಿಗೆ ಒಂದು ಚುಕ್ಕಿ. ಸುತ್ತಲಿನ ಬಾರ್ಡರ್‌ಗೆ ಮಾತ್ರ ಜಾಗವಿಲ್ಲ. ಕ್ಯಾಸೆಟ್‌ನಿಂದ ಪ್ರೋಗ್ರಾಂ ಲೋಡ್ ಆಗುವಾಗ ಅಲ್ಲಿ ಓಡುತ್ತಿದ್ದ ಬಣ್ಣದ ಪಟ್ಟೆಗಳನ್ನು ಬಯಸುವವರಿಗೆ ಇದು ಕೊರತೆಯೇ ಸರಿ.

ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ. ಮೆಮೊರಿ ಕಾರ್ಡಿನಲ್ಲಿರುವ ತಂತ್ರಾಂಶವನ್ನು ಡಿಎಸ್‌ನಲ್ಲಿ ಓಡಿಸುವ ಫ್ಲ್ಯಾಶ್‌ಕಾರ್ಟ್, ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಯೊಂದರಲ್ಲಿ ಕೊಂಡ ಮೈಕ್ರೋಎಸ್‌ಡಿ ಕಾರ್ಡ್, ಝೆಡ್‌ಎಕ್ಸ್‌ಡಿಎಸ್ ಎಂಬ ಎಮ್ಯುಲೇಟರ್ ಇಷ್ಟೇ. 48 ಕಿಲೋಬೈಟ್ ಮೆಮೊರಿಯ ಸ್ಪೆಕ್ಟ್ರಮ್ ಆ ಕ್ಷಣ ಇದ್ದ ಸ್ಥಿತಿಯನ್ನು ಉಳಿಸುವ ಒಂದು ಸ್ನ್ಯಾಪ್‌ಶಾಟ್ ಕಡತ 49,179 ಬೈಟುಗಳಷ್ಟೇ ಇರುವುದರಿಂದ ಕಾರ್ಡಿನಲ್ಲಿ ಜಾಗದ ಚಿಂತೆಯಿಲ್ಲ. ಸ್ಪೆಕ್ಟ್ರಮ್‌ನೊಳಗೇ ಇದ್ದ ಮೂಲ ತಂತ್ರಾಂಶದ, ಅಂದರೆ ರಾಮ್ (ROM) ಕಡತಗಳ, ಹಕ್ಕಿನ ವಿಷಯದಲ್ಲೂ ಅಂಜಬೇಕಿಲ್ಲ: ಸ್ಪೆಕ್ಟ್ರಮ್ ತಯಾರಿಸಿದ ಸಿಂಕ್ಲೇರ್‌ನ ಕಂಪ್ಯೂಟರ್ ವ್ಯವಹಾರವನ್ನು 1986ರಲ್ಲಿ ಕೊಂಡ ಆಮ್‌ಸ್ಟ್ರಾಡ್ ಕಂಪನಿ, ಎಮ್ಯುಲೇಟರುಗಳ ಜೊತೆ ಅವನ್ನು ಹಂಚಲು ಮುಂದೆ ಅನುಮತಿ ಕೊಟ್ಟಿತು. ಆಟಗಳ ಹಕ್ಕು ಬೇರೆಯದೇ ವಿಷಯ.

ನಿಜವಾದ ಕೆಲಸವಿರುವುದು ಕೀಲಿಮಣೆಯಲ್ಲಿ. ಸ್ಪೆಕ್ಟ್ರಮ್‌ನ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆದೇಶಗಳನ್ನು ಅಕ್ಷರ ಅಕ್ಷರವಾಗಿ ಬೆರಳಚ್ಚಿಸುವುದಿಲ್ಲ. ಸಾಲಿನ ಆರಂಭದಲ್ಲಿ 'ಜೆ' ಒತ್ತಿದರೆ ಇಡೀ 'ಲೋಡ್', 'ಪಿ' ಒತ್ತಿದರೆ ಇಡೀ 'ಪ್ರಿಂಟ್' ಮೂಡುತ್ತದೆ. ಉದ್ಧರಣ ಚಿಹ್ನೆ ಬೇಕೆಂದರೆ ಸಿಂಬಲ್ ಶಿಫ್ಟ್ ಹಿಡಿದು 'ಪಿ' ಒತ್ತಬೇಕು. ಡಿಎಸ್‌ನ ಕೆಳಪರದೆಯಲ್ಲಿ ಕೀಲಿಮಣೆಯ ಚಿತ್ರ ಬರುತ್ತದೆ, ಆದರೆ ಆ ಸ್ಪರ್ಶಪರದೆ ಏಕಕಾಲಕ್ಕೆ ಒಂದೇ ಒತ್ತಡವನ್ನು ಗುರುತಿಸಬಲ್ಲದು. ಹಾಗಾಗಿ ಎರಡೂ ಶಿಫ್ಟ್ ಕೀಲಿಗಳನ್ನು ಎಡಬಲದ ಭುಜದ ಬಟನ್‌ಗಳಿಗೆ ಕೊಟ್ಟುಕೊಂಡೆ. ಎಡಗೈ ಯಂತ್ರವನ್ನೂ ಬಟನ್‌ಗಳನ್ನೂ ನೋಡಿಕೊಂಡರೆ ಬಲಗೈಯ ಸ್ಟೈಲಸ್ ಕಡ್ಡಿ ಉಳಿದ ಕೀಲಿಗಳನ್ನು ಒತ್ತುತ್ತದೆ. ಇಡೀ ಪದವೇ ಒಂದು ಕೀಲಿಯಲ್ಲಿ ಸಿಗುವ ಈ ಏರ್ಪಾಡು, ಹಿಂದಿನವರು ಬೈದುಕೊಂಡರೂ, ಕಡ್ಡಿಯಲ್ಲಿ ಬರೆಯುವವನಿಗೆ ದೊಡ್ಡ ಅನುಕೂಲ.

ಆಟಗಳಿಗಿಂತ ನನ್ನನ್ನು ಹೆಚ್ಚು ಹಿಡಿದದ್ದು ಕನ್ನಡ ಅಕ್ಷರಗಳನ್ನು ಮೂಡಿಸುವ ಕೆಲಸ. ನಾವೇ ರೂಪಿಸಿಕೊಳ್ಳಲು ಸ್ಪೆಕ್ಟ್ರಮ್ 21 ಚಿಹ್ನೆಗಳನ್ನು ಬಿಟ್ಟುಕೊಡುತ್ತದೆ. ಪ್ರತಿಯೊಂದೂ 8×8 ಚುಕ್ಕಿಗಳ ಚೌಕ, ಪ್ರತಿ ಸಾಲಿಗೆ ಒಂದು ಸಂಖ್ಯೆ, ತುಂಬಿದ ಚುಕ್ಕಿಗೆ 1, ಖಾಲಿ ಚುಕ್ಕಿಗೆ 0 ಎಂಬ ದ್ವಿಮಾನ ಲೆಕ್ಕದಲ್ಲಿ: 'ರ'ದ ಕೆಳಗಿನ ಬಾಗು 00111100 ಆದರೆ ಸಂಖ್ಯೆಯನ್ನು ಮೆಮೊರಿಯಲ್ಲಿ ಇಡುವ 'ಪೋಕ್' ಆದೇಶಕ್ಕೆ ಕೊಡಬೇಕಾದದ್ದು 60. ಒಂದೇ ಚೌಕದಲ್ಲಿ ತಲೆಕಟ್ಟು, ದುಂಡು ಎರಡನ್ನೂ ತುರುಕಿದರೆ ಅಕ್ಷರ ಗುರುತೇ ಸಿಗುವುದಿಲ್ಲ. ಅಕ್ಷರಕ್ಕೆ ನಾಲ್ಕು ಚೌಕ ಕೊಟ್ಟಾಗ ಓದುವಂತಾಯಿತು. 'ಕನ್ನಡ' ಎಂದು ಬರೆಯಲು ಮೂರು ಅಕ್ಷರಕ್ಕೆ 12, ಕೆಳಗಿನ ನ-ಒತ್ತಿಗೆ ಒಂದು, ಒಟ್ಟು 13 ಚೌಕಗಳು ಬೇಕಾದವು. ಉಳಿದ ಎಂಟರಲ್ಲಿ ಇನ್ನೆರಡು ಅಕ್ಷರಗಳಿಗಷ್ಟೇ ಅವಕಾಶ. ಬಣ್ಣ ಹಾಕುವಾಗಲೂ ಎಚ್ಚರ ಬೇಕು: ಒಂದು ಚೌಕದೊಳಗೆ ಎರಡೇ ಬಣ್ಣಗಳಿರಬಹುದು.

ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ಹೋಗುವಾಗ ಇದನ್ನು ಮಾಡುತ್ತೇನೆ. ಎತ್ತರದ ಹಳಿಯ ಮೇಲೆ ಬಿಸಿಲು ಬಿದ್ದರೆ ಪರದೆ ಕಾಣದು, ಮೆಜೆಸ್ಟಿಕ್‌ನ ಸುರಂಗದಲ್ಲಿ ಸೊಗಸಾಗಿ ಕಾಣುತ್ತದೆ. ಸ್ಪೆಕ್ಟ್ರಮ್ ಸೆಕೆಂಡಿಗೆ ಸುಮಾರು 50 ಬಾರಿ ಚಿತ್ರ ಬದಲಿಸಿದರೆ ಡಿಎಸ್ ಸುಮಾರು 60 ಬಾರಿ ಬದಲಿಸುವುದರಿಂದ ಉರುಳುವ ಚಿತ್ರಗಳಲ್ಲಿ ಸಣ್ಣ ತಡವರಿಕೆ ಇರುತ್ತದೆ. ನನ್ನ ಅಕ್ಷರಗಳು ಅಲುಗಾಡದವಾದ್ದರಿಂದ ತೊಂದರೆಯಿಲ್ಲ. ಇಳಿಯುವ ಮುನ್ನ ಸ್ನ್ಯಾಪ್‌ಶಾಟ್ ಉಳಿಸಿಕೊಂಡರೆ, ಅದೇ ಕಡತವನ್ನು ಮನೆಯ ಕಂಪ್ಯೂಟರಿನಲ್ಲಿ ಫ್ಯೂಸ್ ಎಮ್ಯುಲೇಟರ್ ಮೂಲಕ ತೆರೆದು ಒತ್ತಕ್ಷರಗಳನ್ನು ದೊಡ್ಡ ಪರದೆಯಲ್ಲಿ ತಿದ್ದಬಹುದು.