ಪಿ.ಬಿ. ಶ್ರೀನಿವಾಸರನ್ನು ಹಾಡುವ ಮುನ್ನ

ದಾವಣಗೆರೆಯ ಗಣೇಶನ ಪೆಂಡಾಲುಗಳಲ್ಲಿ ಹಾಡಿ ನಾನು ಕಲಿತದ್ದು: ಪಿ.ಬಿ. ಶ್ರೀನಿವಾಸರ ಹಾಡನ್ನು ಕೂಗಬಾರದು. ಮೈಕ್ ತುಟಿಯಿಂದ ನಾಲ್ಕು ಬೆರಳು ದೂರವಿರಲಿ. ಮಂದ್ರದ (ತಗ್ಗು ಸ್ವರದ) ಸಾಲಿಗೆ ಎರಡು ಬೆರಳಿಗೆ ತನ್ನಿ, ಉಸಿರು ಬಡಿಯದಂತೆ ತುಸು ಓರೆಯಾಗಿ ಹಿಡಿಯಿರಿ. ಸಾಲಿನ ಕೊನೆಯ ಸ್ವರವನ್ನು ಕತ್ತರಿಸಬೇಡಿ, ಕರಗಲು ಬಿಡಿ. ಎಕೋ ಕಡಿಮೆ ಮಾಡಿಸಿ. ಧ್ವನಿವರ್ಧಕದವನು ಒಪ್ಪುವುದಿಲ್ಲ, ಹಟ ಹಿಡಿಯಿರಿ. ಸಂಜೆ ಮಿರ್ಚಿ ಮಂಡಕ್ಕಿ ಬೇಡ. ಒಮ್ಮೆ ತಿಂದು ಎರಡನೇ ಚರಣದಲ್ಲಿ ಕೆಮ್ಮಿದ್ದೇನೆ.

ಪರಿಚಯ ಚಿಕ್ಕದಿರಲಿ: 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದವರು, ಜೇಬಿನ ತುಂಬ ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದ ಕವಿ, ರಾಜ್‌ಕುಮಾರರಿಗೆ ವರ್ಷಗಟ್ಟಲೆ ದನಿಯಾದವರು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್ ತಾವೇ ಹಾಡತೊಡಗಿದರು ಎಂದಾಗ ಸಭೆ ತಣ್ಣಗಾಗುತ್ತದೆ; ಅದೇ ಕ್ಷಣ ಪಲ್ಲವಿ ಎತ್ತಿಕೊಳ್ಳಿ.