ಪಲ್ಟಿ ನೇಗಿಲಿನ ಪಿನ್ನು: ಮೇಲೆ ಗಟ್ಟಿ, ಒಳಗೆ ಮೆತ್ತಗೆ

ನವಲಗುಂದ ಕಡೆಯಿಂದ ಬರುವ ಪಲ್ಟಿ ನೇಗಿಲಿನ ಪಿನ್ನುಗಳನ್ನು ನೋಡಿದರೆ ಸಾಕು, ಎರೆ ಹೊಲದಲ್ಲಿ ಓಡಿದ್ದು ಅಂತ ಗೊತ್ತಾಗುತ್ತದೆ. ಗ್ರೀಸಿಗೆ ಮಣ್ಣು ಅಂಟಿ, ಒಂದೇ ಮಗ್ಗುಲು ಅರ್ಧ ಸವೆದಿರುತ್ತದೆ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಅಪ್ಪ ಲೇತ್ ಹಾಕಿದಾಗಿನಿಂದ ಇದೇ ಕಥೆ. "ಅಕ್ಕಾರ, ಇನ್ನಷ್ಟು ಗಟ್ಟಿ ಕಬ್ಬಿಣ ಹಾಕ್ರಿ" ಅಂತಾರೆ. ಆದರೆ ಪೂರ್ತಿ ಗಟ್ಟಿಯಾದ ಪಿನ್ನು ಕಲ್ಲಿಗೆ ಬಡಿದರೆ ಪಟ್ ಅಂತ ಮುರಿಯುತ್ತದೆ. ಮೇಲಿನ 1 ಮಿಲಿಮೀಟರ್ ಮಾತ್ರ ಗಟ್ಟಿ ಆಗಬೇಕು. ಅದಕ್ಕೇ ಇದ್ದಿಲ ಪೆಟ್ಟಿಗೆ: ಪಿನ್ನನ್ನು ಇದ್ದಿಲಿನಲ್ಲಿ ಹುದುಗಿಸಿ ಕಾಯಿಸಿದರೆ ಇದ್ದಿಲಿನ ಕಾರ್ಬನ್ ಕಬ್ಬಿಣದ ಮೇಲ್ಪದರಕ್ಕೆ ಇಳಿಯುತ್ತದೆ, ಆಮೇಲೆ ಕಾಯಿಸಿ ನೀರಿಗೆ ಅದ್ದಿದಾಗ ಆ ಪದರ ಗಟ್ಟಿಯಾಗುತ್ತದೆ.

ಮೊದಲು ಕಬ್ಬಿಣ ಯಾವುದು ಅಂತ ನೋಡಿಕೊಳ್ಳಿ. ಈ ಕೆಲಸಕ್ಕೆ ಕಾರ್ಬನ್ ಸುಮಾರು 0.2 ಪರ್ಸೆಂಟ್ ಇರುವ ಎಂ.ಎಸ್. (ಮೈಲ್ಡ್ ಸ್ಟೀಲ್) ಬೇಕು. ಒಮ್ಮೆ ಎಂ.ಎಸ್. ಅಂತ ಹೇಳಿ ಒಬ್ಬರು ಇ.ಎನ್. 8 ಕೊಟ್ಟರು. ಅದರಲ್ಲಿ 0.4ರಷ್ಟು ಕಾರ್ಬನ್. ನಾನೂ ನೋಡದೆ ಹಾಕಿದೆ. ಉಪ್ಪುನೀರಿಗೆ ಅದ್ದಿದ ಹನ್ನೆರಡರಲ್ಲಿ ಏಳು ಪಿನ್ನು ಉದ್ದಕ್ಕೂ ಸೀಳಿದವು. ಈಗ ಪ್ರತಿ ರಾಡನ್ನೂ ಗ್ರೈಂಡರ್‌ಗೆ ಹಿಡಿಯುತ್ತೇನೆ. ಎಂ.ಎಸ್. ಕಿಡಿ ಉದ್ದ ಗೆರೆಯಾಗಿ ಹಾರುತ್ತದೆ. ಕಾರ್ಬನ್ ಜಾಸ್ತಿ ಇದ್ದರೆ ತುದಿಯಲ್ಲಿ ಸುರಸುರಬತ್ತಿಯ ಹಾಗೆ ಒಡೆಯುತ್ತದೆ.

ಜಾಲಿ ಇದ್ದಿಲನ್ನು ಕಡಲೆಕಾಳಿನಷ್ಟು ಪುಡಿ ಮಾಡಿ. 10 ಕಿಲೋಗೆ 1 ಕಿಲೋ ವಾಷಿಂಗ್ ಸೋಡಾ. ಅಡುಗೆ ಸೋಡಾ ಅಲ್ಲ. ಸೋಡಾವನ್ನು ನೀರಲ್ಲಿ ಕರಗಿಸಿ ಇದ್ದಿಲಿಗೆ ಚಿಮುಕಿಸಿ, ಪೂರ್ತಿ ಒಣಗಿಸಿ. ದಪ್ಪ ಶೀಟಿನ ಪೆಟ್ಟಿಗೆ ಮಾಡಿಕೊಳ್ಳಿ. ಸತು ಲೇಪಿಸಿದ ಜಿ.ಐ. ಶೀಟು ಮುಟ್ಟಲೇಬೇಡಿ, ಸತು 907 ಡಿಗ್ರಿಗೇ ಕುದಿಯುತ್ತದೆ, ಆ ಹೊಗೆ ಕೆಟ್ಟದ್ದು. ಪಿನ್ನಿನ ಸುತ್ತ ಎರಡು ಬೆರಳಷ್ಟು ಇದ್ದಿಲು ಇರಲಿ. ಥ್ರೆಡ್ ಇದ್ದ ಕಡೆ ಮಾತ್ರ ಬೆಂಕಿ ತಾಳುವ ಜೇಡಿಮಣ್ಣು, ಅಂದರೆ ಫೈರ್‌ಕ್ಲೇ ಮೆತ್ತಿ, ಅದು ಮೆತ್ತಗೇ ಉಳಿಯಬೇಕು.

ಮುಚ್ಚಳದ ಸಂದಿಗೂ ಫೈರ್‌ಕ್ಲೇ. ಸುಮ್ನೆ ಅಂಗಳದ ಎರೆ ಮಣ್ಣು ಮೆತ್ತಿದರೆ ಒಣಗುವಾಗ ಬೇಸಿಗೆಯ ಹೊಲದ ಹಾಗೆ ಬಿರಿಯುತ್ತದೆ. ಪೆಟ್ಟಿಗೆಯ ಬದಿಗೆ ತೂತು ಕೊರೆದು, ಆಮೇಲೆ ಎಳೆದು ಪರೀಕ್ಷೆ ಮಾಡಲು ಅದೇ ಕಬ್ಬಿಣದ ಎರಡು ಸಣ್ಣ ಕಡ್ಡಿ ತೂರಿಸಿ, ಅದರ ಸುತ್ತಲೂ ಮೆತ್ತಿ.

ಕುಲುಮೆ 925 ಡಿಗ್ರಿಗೆ ಬರಲಿ. ನಡುವಿನ ಇದ್ದಿಲೂ ಕೆಂಪಾದ ಮೇಲೆ ಗಂಟೆ ಎಣಿಸಿ. ನಾಲ್ಕು ಗಂಟೆಗೆ ಕಾರ್ಬನ್ ಹೆಚ್ಚುಕಡಿಮೆ 1 ಮಿಲಿಮೀಟರ್ ಇಳಿಯುತ್ತದೆ. ಎಂಟು ಗಂಟೆ ಇಟ್ಟರೆ 2 ಆಗುತ್ತದೆ ಅಂದುಕೊಳ್ಳಬೇಡಿ. ದುಪ್ಪಟ್ಟು ಆಳಕ್ಕೆ ನಾಲ್ಕು ಪಟ್ಟು ಹೊತ್ತು ಬೇಕು, ಅಷ್ಟು ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ? ಬಾಗಿಲು ಕಿಟಕಿ ತೆರೆದಿರಲಿ. ಪೆಟ್ಟಿಗೆಯಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ.

ಹೊತ್ತಾದ ಮೇಲೆ ಒಂದು ಕಡ್ಡಿ ಎಳೆದು, ನೀರಿಗೆ ಅದ್ದಿ, ಮುರಿದು ನೋಡಿ. ಅಂಚಿನಲ್ಲಿ ನುಣುಪಾದ ಬೂದು ಬಳೆ ಕಾಣಿಸುತ್ತದೆ. ಅದರ ದಪ್ಪವೇ ನಿಮ್ಮ ಪದರ. ಸಾಲದಿದ್ದರೆ ಇನ್ನಷ್ಟು ಹೊತ್ತು ಬಿಟ್ಟು, ಎರಡನೇ ಕಡ್ಡಿ ಎಳೆಯಿರಿ.

ಪೆಟ್ಟಿಗೆ ರಾತ್ರಿಯಿಡೀ ತಣಿಯಲಿ. ಈಗಿನ್ನೂ ಪಿನ್ನು ಗಟ್ಟಿ ಆಗಿಲ್ಲ, ಕಾರ್ಬನ್ ಒಳಗೆ ಹೋಗಿದೆ ಅಷ್ಟೇ. ಮರುದಿನ ಮತ್ತೆ 790 ಡಿಗ್ರಿಗೆ ಕಾಯಿಸಿ. ಮ್ಯಾಗ್ನೆಟ್ ಹಿಡಿಯುವುದು 770ರ ಹತ್ತಿರ ನಿಲ್ಲುತ್ತದೆ, ಅದಕ್ಕಿಂತ ಸ್ವಲ್ಪ ಮೇಲೆ ಸಾಕು. 10 ಪರ್ಸೆಂಟ್ ಉಪ್ಪುನೀರಿಗೆ ನೆಟ್ಟಗೆ ಇಳಿಸಿ ಅಲ್ಲಾಡಿಸಿ. ಓರೆಯಾಗಿ ಎಸೆದರೆ ಬಾಗುತ್ತದೆ. ತಡಮಾಡದೆ 180 ಡಿಗ್ರಿಯಲ್ಲಿ ಒಂದು ಗಂಟೆ ಟೆಂಪರ್ ಮಾಡಿ, ಅಂದರೆ ಪಟ್ ಅಂತ ಮುರಿಯದ ಹಾಗೆ ಹದವಾಗಿ ಕಾಯಿಸಿ. ಹೊಸ ಅರ ಉಜ್ಜಿದರೆ ಕಚ್ಚದೆ ಜಾರಬೇಕು.

ಇಷ್ಟಾದರೂ ತುಕ್ಕು ತಡೆಯುವುದಿಲ್ಲ! ಗಟ್ಟಿತನವೇ ಬೇರೆ, ತುಕ್ಕೇ ಬೇರೆ. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಕಪ್ಪು ಬಣ್ಣ ಬರಲಿ ಅಂತ ಪಿನ್ನನ್ನು ಮತ್ತೆ ಕೆಂಪಗೆ ಕಾಯಿಸಿ ಹಳೇ ಎಂಜಿನ್ ಆಯಿಲ್‌ಗೆ ಅದ್ದುತ್ತಾರೆ. ಎರಡು ದಿನದ ಕೆಲಸ ಎರಡು ನಿಮಿಷದಲ್ಲಿ ಹೋಯಿತು. 180ಕ್ಕೆ ಟೆಂಪರ್ ಮಾಡಿದ್ದನ್ನು ಅದಕ್ಕಿಂತ ಜಾಸ್ತಿ ಕಾಯಿಸಿದರೆ ಮೆತ್ತಗಾಗುತ್ತದೆ, ಅಲ್ವಾ? ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ನೈಟ್ರೇಟ್‌ನ ದ್ರಾವಣದಲ್ಲಿ ಅದ್ದಿ ಕಪ್ಪು ಮಾಡುವ ಬ್ಲ್ಯಾಕನಿಂಗ್ 140 ಡಿಗ್ರಿ ಆಸುಪಾಸಿನಲ್ಲೇ ಆಗುತ್ತದೆ, ಗಟ್ಟಿತನ ಹಾಗೇ ಇರುತ್ತದೆ. ಆದರೆ ಕುದಿಯುವ ಕಾಸ್ಟಿಕ್ ಸಿಡಿದರೆ ಕಣ್ಣೇ ಹೋದೀತು. ನಾನು ಅದನ್ನು ಹೊರಗೆ ಮಾಡಿಸುತ್ತೇನೆ. ಆ ಕಪ್ಪು ಪದರವೂ ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ, ಆದ್ದರಿಂದ ಬಂದ ಕೂಡಲೇ ಎಣ್ಣೆಗೆ ಹಾಕಬೇಕು.

ಕರಗಿದ ಲವಣದಲ್ಲಿ ಅದ್ದಿ ಮೇಲ್ಮೈಗೆ ನೈಟ್ರೋಜನ್ ಇಳಿಸುವ ಸಾಲ್ಟ್ ಬಾತ್ ನೈಟ್ರೈಡಿಂಗ್ ಗಟ್ಟಿತನ, ತುಕ್ಕು ಎರಡಕ್ಕೂ ಆಗುತ್ತದೆ. 580 ಡಿಗ್ರಿ ಸಾಕು, ನೀರಿಗೆ ಅದ್ದಿ ಗಟ್ಟಿ ಮಾಡಬೇಕಿಲ್ಲ, ಬಾಗುವುದೂ ಕಡಿಮೆ. ಶಾಫ್ಟ್‌ಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಅದರ ಅತಿ ಗಟ್ಟಿ ಪದರ 0.02 ಮಿಲಿಮೀಟರ್ ದಾಟುವುದು ಅಪರೂಪ. ಮಣ್ಣು ಉಜ್ಜುವ ಪಿನ್ನಿಗೆ ಇದ್ದಿಲೇ ಸರಿ.

ಟ್ರೇಲರ್ ಜೋಡಿಸುವ ಪಿನ್ನಿಗೆ ಮಾತ್ರ ಇದು ಬೇಡ. ಅದನ್ನು ಕಂಪನಿಯದೇ ತನ್ನಿ ಅಂತ ವಾಪಸ್ ಕಳಿಸುತ್ತೇನೆ. ರೋಡಿನಲ್ಲಿ ಮುರಿದರೆ ಹಿಂದೆ ಬೈಕಿನವರು ಇರುತ್ತಾರೆ.